ಫ್ಯಾಟಿ ಲಿವರ್: ವರದಿಯಲ್ಲೇ ಇದ್ದ ಉತ್ತರ

ವೃತ್ತಿಯ ಆರಂಭದ ವರ್ಷಗಳಲ್ಲಿ, ಅಲ್ಟ್ರಾಸೌಂಡ್ ವರದಿಯಲ್ಲಿ 'ಫ್ಯಾಟಿ ಲಿವರ್' ಎಂಬ ಮಾತು ಕಂಡಾಗ ನಾನು ರಕ್ತಪರೀಕ್ಷೆಯ ಎಎಲ್‌ಟಿ (ಯಕೃತ್ತಿಗೆ ಹಾನಿಯಾದಾಗ ರಕ್ತದಲ್ಲಿ ಏರುವ ಕಿಣ್ವ) ಅಂಕಿಯನ್ನಷ್ಟೇ ನೋಡುತ್ತಿದ್ದೆ. ಅದು 40ರ ಒಳಗಿದ್ದರೆ ತೂಕ ಇಳಿಸಿಕೊಳ್ಳುವಂತೆ ತಿಳಿಸಿ ರೋಗಿಯನ್ನು ಕಳುಹಿಸಿಬಿಡುತ್ತಿದ್ದೆ. ಸಕ್ಕರೆ ಕಾಯಿಲೆಯಿದ್ದ 58 ವರ್ಷದ ಒಬ್ಬ ರೋಗಿಯಿಂದಾಗಿ ಆ ಅಭ್ಯಾಸ ತಪ್ಪಿತು.

ಅವರ ಯಕೃತ್ತಿನ ಕೊಬ್ಬಿಗೆ ಮದ್ಯ ಕಾರಣವಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳಬೇಕಿತ್ತು. 'ಕುಡಿಯುತ್ತೀರಾ' ಎಂಬ ಪ್ರಶ್ನೆಗೆ ಬರುವ ಉತ್ತರವನ್ನು ನಾನು ನೆಚ್ಚುವುದಿಲ್ಲ; ಮನೆಯವರನ್ನು ಹೊರಗೆ ಕೂರಿಸಿ, ಏನು, ಎಷ್ಟು, ವಾರಕ್ಕೆ ಎಷ್ಟು ದಿನ ಎಂದು ಬಿಡಿಸಿ ಕೇಳುತ್ತೇನೆ. ದಿನಕ್ಕೆ ಗಂಡಸರಲ್ಲಿ 30 ಗ್ರಾಂ, ಹೆಂಗಸರಲ್ಲಿ 20 ಗ್ರಾಂ ಆಲ್ಕೋಹಾಲ್ ಮೀರಿದರೆ ರೋಗದ ಹೆಸರೇ ಬದಲಾಗುತ್ತದೆ. ಇವರು ಕುಡಿಯುತ್ತಿರಲಿಲ್ಲ. ಹೆಪಟೈಟಿಸ್ ಬಿ ಮತ್ತು ಸಿ ಇರಲಿಲ್ಲ; ಸ್ಟೀರಾಯ್ಡ್, ಮೆಥೊಟ್ರೆಕ್ಸೇಟ್, ಅಮಿಯೊಡರೋನ್‌ನಂತಹ ಔಷಧಗಳನ್ನೂ ಸೇವಿಸುತ್ತಿರಲಿಲ್ಲ.

ಇಷ್ಟಾದ ಮೇಲೆ ಉಳಿಯುವ ಪ್ರಶ್ನೆಯೇ ನಿಜವಾದ ಪ್ರಶ್ನೆ: ಯಕೃತ್ತು ಎಷ್ಟು ನಾರುಗಟ್ಟಿದೆ? ರೋಗಿಯ ಮುಂದಿನ ಆಯುಷ್ಯವನ್ನು ಕೊಬ್ಬಿನ ಪ್ರಮಾಣಕ್ಕಿಂತ ಹೆಚ್ಚಾಗಿ ಈ ಫೈಬ್ರೋಸಿಸ್ ನಿರ್ಧರಿಸುತ್ತದೆ, ಆದರೆ ಸಾಮಾನ್ಯ ಅಲ್ಟ್ರಾಸೌಂಡ್ ಅದನ್ನು ಆರಂಭದ ಹಂತಗಳಲ್ಲಿ ತೋರಿಸುವುದಿಲ್ಲ; ಕೊಬ್ಬು ಕಡಿಮೆಯಿದ್ದರೆ ಅದೂ ಅದರ ಕಣ್ಣಿಗೆ ಬೀಳದಿರಬಹುದು. ಹಾಗಾಗಿ ಫೈಬ್ರೋಸಿಸ್‌ನ ಸಂಭವವನ್ನು ಅಂದಾಜಿಸುವ ಎಫ್‌ಐಬಿ-4 ಎಂಬ ಸೂಚ್ಯಂಕದ ಲೆಕ್ಕ ಹಾಕುತ್ತೇನೆ. ವಯಸ್ಸನ್ನು ಎಎಸ್‌ಟಿಯಿಂದ (ಎಎಲ್‌ಟಿಯಂಥದೇ ಇನ್ನೊಂದು ಕಿಣ್ವ) ಗುಣಿಸಿ, ಬಂದದ್ದನ್ನು ಸಾವಿರಗಳಲ್ಲಿ ಎಣಿಸಿದ ಪ್ಲೇಟ್‌ಲೆಟ್ ಸಂಖ್ಯೆ ಮತ್ತು ಎಎಲ್‌ಟಿಯ ವರ್ಗಮೂಲ ಇವೆರಡರ ಗುಣಲಬ್ಧದಿಂದ ಭಾಗಿಸಿದರೆ ಸಾಕು. ಉತ್ತರ 1.3ಕ್ಕಿಂತ ಕಡಿಮೆಯಿದ್ದರೆ ತೀವ್ರ ಫೈಬ್ರೋಸಿಸ್ ಇರುವ ಸಂಭವ ಕಡಿಮೆ, 2.67 ಮೀರಿದರೆ ಹೆಚ್ಚು. 65 ದಾಟಿದವರಿಗೆ ಕೆಳಗಿನ ಮಿತಿಯನ್ನು 2 ಎಂದು ಹಿಡಿಯುತ್ತೇನೆ, 35ರ ಒಳಗಿನವರಲ್ಲಿ ಈ ಲೆಕ್ಕವನ್ನು ನಂಬುವುದಿಲ್ಲ.

ಆ ರೋಗಿಯ ಎಎಸ್‌ಟಿ 38, ಎಎಲ್‌ಟಿ 36, ಪ್ಲೇಟ್‌ಲೆಟ್ 1.5 ಲಕ್ಷ. ಒಂದೊಂದನ್ನೇ ನೋಡಿದರೆ ಪ್ರಯೋಗಾಲಯದ ಮಿತಿಯೊಳಗೇ ಇದ್ದವು; ಒಟ್ಟಾಗಿ ಆ ಲೆಕ್ಕಕ್ಕೆ ಹಾಕಿ ನೋಡಿದಾಗ 2.45 ಬಂದಿತು. ನಡುವಿನ ಈ ವಲಯದಲ್ಲಿ ಊಹಿಸುತ್ತಾ ಕೂರಬಾರದೆಂದು, ಯಕೃತ್ತಿನ ಗಡಸುತನವನ್ನು ಹೊರಗಿನಿಂದಲೇ ಅಳೆಯುವ ಫೈಬ್ರೋಸ್ಕ್ಯಾನ್‌ಗೆ ಕಳುಹಿಸಿದೆ. ಊಟ ಮಾಡಿದ್ದರೆ ಅಂಕಿ ಸುಳ್ಳಾಗಿ ಏರುತ್ತದೆಯಾದ್ದರಿಂದ ಕನಿಷ್ಠ ಮೂರು ಗಂಟೆ ಹಸಿದಿರುವಂತೆ ಹೇಳಿದ್ದೆ. 8 ಕಿಲೋಪ್ಯಾಸ್ಕಲ್‌ಗಿಂತ ಕಡಿಮೆ ಬಂದಿದ್ದರೆ ನೆಮ್ಮದಿಯಿರುತ್ತಿತ್ತು, 13 ಬಂದಿತು. ಬಯಾಪ್ಸಿಯಲ್ಲಿ (ಯಕೃತ್ತಿನ ಚೂರು ತೆಗೆದು ಮಾಡುವ ಪರೀಕ್ಷೆ) ನಾಲ್ಕು ಹಂತಗಳಲ್ಲಿ ಮೂರನೆಯದಾದ ಫೈಬ್ರೋಸಿಸ್ ಖಚಿತವಾಯಿತು.

ಆ ಸಂಜೆ ಅವರ ಹಳೆಯ ಕಡತವನ್ನು ತೆರೆದೆ. ಮೂರು ವರ್ಷಗಳ ಹಿಂದೆ ಅವರು ನನ್ನ ಬಳಿಗೇ ಬಂದಿದ್ದರು: ಎಎಸ್‌ಟಿ 36, ಎಎಲ್‌ಟಿ 36, ಪ್ಲೇಟ್‌ಲೆಟ್ 1.8 ಲಕ್ಷ. ಲೆಕ್ಕ ಹಾಕಿದೆ; 1.83. ಆ ಹಳೆಯ ವರದಿಯ ಕೆಳಗೆ 'ತೊಂದರೆಯಿಲ್ಲ' ಎಂದು ನಾನೇ ಬರೆದಿದ್ದೆ.