ಹಡಗಿನ ಮೂತಿಗೆ ಅಲೆ ಬಡಿದಾಗ: ತಗ್ಗಿನ ಹಿಂದೆ ನಾನು ಹುಡುಕುವುದು

ಅಲೆಯ ಹೊಡೆತಕ್ಕೆ ಮೂತಿಯ ಪ್ಲೇಟು ತಗ್ಗು ಬಿದ್ದ ಹಡಗು ತಪಾಸಣೆಗೆ ಬಂದರೆ ಹೊರಗೆ ನಿಂತು ನೋಡುವುದರಲ್ಲಿ ನಾನು ಹೆಚ್ಚು ಹೊತ್ತು ಕಳೆಯುವುದಿಲ್ಲ. ಒಳಗಿನ ಗಾಳಿಯ ಪರೀಕ್ಷೆ ಮುಗಿದು ಅನುಮತಿ ಸಿಕ್ಕ ಕೂಡಲೇ ಮೂತಿಯ ತುದಿಯೊಳಗಿರುವ ಫೋರ್‌ಪೀಕ್ ಟ್ಯಾಂಕಿಗೆ ಇಳಿಯುತ್ತೇನೆ. ಟಾರ್ಚಿನ ಬೆಳಕು ಪ್ಲೇಟಿನ ಮೈ ಸವರಿಕೊಂಡು ಹೋಗುವಂತೆ ಓರೆಯಾಗಿ ಹಿಡಿದರೆ, ನೇರ ಬೆಳಕಿನಲ್ಲಿ ಮರೆಯಾಗಿದ್ದ ತಗ್ಗುಗಳೆಲ್ಲ ನೆರಳಾಗಿ ಎದ್ದು ಕಾಣುತ್ತವೆ. ಪ್ರತಿಯೊಂದಕ್ಕೂ ಸೀಮೆಸುಣ್ಣದ ಗುರುತು ಹಾಕಿ, ಪ್ಲೇಟಿಗೆ ಒಳಗಿನಿಂದ ಪಕ್ಕೆಲುಬಿನಂತೆ ಆಸರೆ ಕೊಡುವ ಫ್ರೇಮುಗಳಲ್ಲಿ ಒಂದರಿಂದ ಇನ್ನೊಂದಕ್ಕೆ ನೇರಪಟ್ಟಿ ಇಟ್ಟು ಆಳ ಅಳೆಯುತ್ತೇನೆ. ಅಲ್ಲೇ ಅಲ್ಟ್ರಾಸಾನಿಕ್ ಉಪಕರಣದಿಂದ ದಪ್ಪವನ್ನೂ ಬರೆದುಕೊಳ್ಳುತ್ತೇನೆ.

ದಪ್ಪ ಗೊತ್ತಾದರೆ ಅಲೆಯ ಬಲವನ್ನು ಹಿಂದಿನಿಂದ ಲೆಕ್ಕ ಹಾಕಬಹುದು. ಫ್ರೇಮುಗಳ ಅಂತರ 700 ಮಿಲಿಮೀಟರ್, ಪ್ಲೇಟು 12 ಮಿಲಿಮೀಟರ್, ಸಾಧಾರಣ ಹಡಗಿನ ಉಕ್ಕು ಎಂದಿಟ್ಟುಕೊಳ್ಳೋಣ. ಅಂಚುಗಳಲ್ಲೂ ನಡುವೆಯೂ ಉಕ್ಕು ಶಾಶ್ವತವಾಗಿ ಮಣಿಯಲು ಸುಮಾರು 280 ಕಿಲೋಪಾಸ್ಕಲ್ ಬೇಕು. 28 ಮೀಟರ್ ನೀರಿನ ಕಂಬ ಒತ್ತಿದಷ್ಟು. ತುಕ್ಕು ಹಿಡಿದು ದಪ್ಪ 10ಕ್ಕೆ ಇಳಿದಿದ್ದರೆ 190 ಸಾಕು. ಎರಡು ಮಿಲಿಮೀಟರ್ ಸವೆತಕ್ಕೆ ಮೂರನೇ ಒಂದು ಭಾಗದಷ್ಟು ಶಕ್ತಿ ಹೋಯಿತು. ಆಳವಾದ ತಗ್ಗು ಕಂಡರೆ ಒತ್ತಡ ಇದಕ್ಕಿಂತ ಎಷ್ಟೋ ಹೆಚ್ಚಿತ್ತು ಎಂದೇ ಅರ್ಥ, ಏಕೆಂದರೆ ಬಾಗಿದ ಪ್ಲೇಟು ಹಗ್ಗದಂತೆ ಬಿಗಿದು ಮತ್ತಷ್ಟು ಭಾರ ತಾಳುತ್ತದೆ.

ಆ ತಾಳಿಕೆಯಿಂದಾಗಿಯೇ ಪ್ಲೇಟಿನ ತಗ್ಗು ನನ್ನನ್ನು ಅಷ್ಟು ಹೆದರಿಸುವುದಿಲ್ಲ. ನಾನು ಹೆದರುವುದು ಫ್ರೇಮಿನ ತುದಿಗಳಿಗೆ. ಅಲ್ಲಿ ಫ್ರೇಮನ್ನು ಬಿಗಿಹಿಡಿಯುವ ಬ್ರಾಕೆಟ್ ಎಂಬ ಉಕ್ಕಿನ ತುಂಡಿನ ಬುಡದಲ್ಲಿ ಬಣ್ಣ ಕೂದಲೆಳೆಯಷ್ಟು ಸೀಳಿ, ಆ ಸೀಳಿನಿಂದ ಕಂದು ತುಕ್ಕು ಒಸರಿದ್ದರೆ ಅಲ್ಲಿ ವೆಲ್ಡ್ ಬಿರುಕು ಬಿಟ್ಟಿರುವ ಸಾಧ್ಯತೆ ಹೆಚ್ಚು. ಫ್ರೇಮು ಒಂದು ಕಡೆಗೆ ವಾಲಿಕೊಂಡಿದ್ದರಂತೂ ಮುಂದಿನ ಹೊಡೆತಕ್ಕೆ ಅದರ ಆಸರೆಯೇ ಇರುವುದಿಲ್ಲ. ಮೂತಿ ಅಗಲವಾಗಿ ಹೊರಚಾಚಿದ ಹಡಗುಗಳಲ್ಲಿ ಇದು ಮೇಲ್ಭಾಗದಲ್ಲಿ ಹೆಚ್ಚು. ಅಲ್ಲಿ ನೀರಿಗೂ ಪ್ಲೇಟಿಗೂ ನಡುವಿನ ಕೋನ ಕಿರಿದಾಗಿರುತ್ತದೆ. ಸೆಕೆಂಡಿಗೆ 5 ಮೀಟರ್ ವೇಗದ ಹೊಡೆತಕ್ಕೆ, ಜರ್ಮನಿಯ ಎಂಜಿನಿಯರ್ ವಾಗ್ನರ್ 1932ರಲ್ಲಿ ಕೊಟ್ಟ ಸಿದ್ಧಾಂತದಂತೆ, ಕೋನ 30 ಡಿಗ್ರಿ ಇದ್ದಾಗ ಗರಿಷ್ಠ ಒತ್ತಡ ಸುಮಾರು 100 ಕಿಲೋಪಾಸ್ಕಲ್. 10 ಡಿಗ್ರಿ ಆದರೆ ಸುಮಾರು 1000. ಆದರೆ ಆ ಗರಿಷ್ಠ ಒತ್ತಡ ಅಂಗೈಯಗಲದ ಜಾಗದಲ್ಲಿ ಕ್ಷಣಾರ್ಧ ಮಾತ್ರ ಇರುತ್ತದೆ. ಫ್ರೇಮನ್ನು ಮುರಿಯುವುದು ಇಡೀ ಹರವಿನ ಸರಾಸರಿ ಒತ್ತಡ. ವರದಿಯಲ್ಲಿ ನಾನು ಆ ಸರಾಸರಿಯನ್ನೇ ಆಧಾರ ಮಾಡಿಕೊಳ್ಳುತ್ತೇನೆ.

ಡೆಕ್ಕಿನ ಮೇಲಿನ ಗಾಳಿಕೊಳವೆಗಳನ್ನು ಬಿಡುವುದಿಲ್ಲ. 1980ರಲ್ಲಿ ಬ್ರಿಟನ್ನಿನ ಡರ್ಬಿಶೈರ್ ಎಂಬ ಸರಕು ಹಡಗು 44 ಜನರೊಂದಿಗೆ ಮುಳುಗಿತು. ಮೂತಿಯ ಇಂಥ ಕೊಳವೆಗಳು ಮುರಿದು ಒಳಗೆ ನೀರು ನುಗ್ಗಿದ್ದರಿಂದ ಮುಂಭಾಗ ತಗ್ಗಿ, ಅಲೆಗಳು ಸರಕಿನ ಕೋಣೆಗಳ ಮೇಲಿನ ಹ್ಯಾಚ್ ಮುಚ್ಚಳಗಳನ್ನು ಮುರಿದವು ಎಂದು 2000ದ ಮರುತನಿಖೆ ಕಂಡುಕೊಂಡಿತು.

ದುರಸ್ತಿಯಲ್ಲಿ ಪ್ಲೇಟನ್ನಷ್ಟೇ ದಪ್ಪ ಮಾಡುವ ಪ್ರಸ್ತಾವ ಬಂದರೆ ಒಪ್ಪುವುದಿಲ್ಲ. ಹಾಗೆ ಮಾಡಿದರೆ ಹೊಡೆತವೆಲ್ಲ ನೇರವಾಗಿ ದುರ್ಬಲ ಫ್ರೇಮಿನ ತುದಿಗೆ ಹೋಗುತ್ತದೆ. ತುದಿಗಳಲ್ಲಿ ಫ್ರೇಮಿನ ವೆಬ್, ಅಂದರೆ ಪ್ಲೇಟಿನಿಂದ ಎದ್ದು ನಿಂತ ಪಟ್ಟಿ, ದಪ್ಪವಾಗಬೇಕು, ವಾಲದಂತೆ ನಡುವೆ ಬ್ರಾಕೆಟ್ ಬೀಳಬೇಕು, ಫ್ರೇಮು ತೂರಿಹೋಗುವ ಕಿಂಡಿಗಳನ್ನು ಮುಚ್ಚಿ ಬಿಗಿಸುವ ಕಾಲರ್ ಪ್ಲೇಟ್ ಸೇರಬೇಕು. ಹೊಡೆತ ಬಿದ್ದದ್ದು ಮೂತಿಯ ತಳಕ್ಕಾಗಿದ್ದರೆ ಕ್ಯಾಪ್ಟನ್ನರಿಂದ ಆ ಸಮಯದ ವೇಗ ಮತ್ತು ಮುಂಭಾಗದ ಮುಳುಗಿನ ಆಳವನ್ನು ಕೇಳಿ ಪಡೆಯುತ್ತೇನೆ. ಸರಕಿಲ್ಲದೆ ಸಾಗುವಾಗ ಮೂತಿ ಹಗುರಾಗಿ ಎದ್ದು ಅಪ್ಪಳಿಸುತ್ತದೆ. ಬಿರುಗಾಳಿಯ ಮುನ್ಸೂಚನೆ ಸಿಕ್ಕೊಡನೆ ಮುಂಭಾಗದ ಟ್ಯಾಂಕುಗಳಿಗೆ ಬ್ಯಾಲಾಸ್ಟ್, ಅಂದರೆ ಭಾರಕ್ಕಾಗಿ ಸಮುದ್ರದ ನೀರು, ತುಂಬಬೇಕು, ವೇಗ ಇಳಿಸಬೇಕು ಎಂದು ವರದಿಯಲ್ಲಿ ಬರೆಯುತ್ತೇನೆ.