ಮೆಣಸಿನಕಾಯಿಯ ಉರಿ ಎಲ್ಲಿದೆ? ಮನೆಯಲ್ಲೇ ಹುಡುಕುವುದು ಹೇಗೆ

ಈ ಪ್ರಯೋಗಕ್ಕೆ ಕಲಬುರಗಿಯ ಮೇ ತಿಂಗಳ ಮಧ್ಯಾಹ್ನವೇ ಒಳ್ಳೆಯ ಹೊತ್ತು. ಹೇಗೂ ಹೊರಗೆ ಹೋಗುವ ಹಾಗಿಲ್ಲ. ಬೇಕಾಗುವ ಸಾಮಾನು: ಒಂದು ಹಸಿಮೆಣಸಿನಕಾಯಿ, ಎಲೆ, ಅಡಿಕೆ, ಸುಣ್ಣ, ಒಂದು ಹಾಳೆ, ಪೆನ್ನು, ಒಂದು ಲೋಟ ಮಜ್ಜಿಗೆ. ಹುಡುಕಬೇಕಾದ್ದು ಇಷ್ಟು: ಮಿದುಳು, ನರ, ರಾಸಾಯನಿಕ ಇವುಗಳಿಂದಲೇ ನಮ್ಮ ಅನುಭವವನ್ನು ಪೂರ್ತಿ ವಿವರಿಸಬಹುದಾ? ಹೌದು ಅನ್ನುವವರು ಭೌತವಾದಿಗಳು.

ಮೊದಲು ಕಚ್ಚಿ. ತುದಿಯಲ್ಲಿ ಅಲ್ಲ, ತೊಟ್ಟಿನ ಹತ್ತಿರ, ಒಳಗಿನ ಬಿಳಿ ತಿರುಳು ಹಲ್ಲಿಗೆ ಸಿಗುವ ಹಾಗೆ. ಖಾರ ಜಾಸ್ತಿ ಇರುವುದು ಅಲ್ಲೇ. ಮಜ್ಜಿಗೆ ಮುಟ್ಟದೆ ಒಂದು ನಿಮಿಷ ಸುಮ್ನೆ ಕೂತುಕೊಳ್ಳಿ. ನಾಲಿಗೆ, ಆಮೇಲೆ ತುಟಿ, ಆಮೇಲೆ ಕಿವಿ ಬಿಸಿ, ನೆತ್ತಿಯಲ್ಲಿ ಬೆವರು. ನಮ್ಮ ಮನೆಯಲ್ಲಿ ಮೊದಲು ಕಚ್ಚಿದವಳು ತಂಗಿ. "ಯಪ್ಪಾ, ಬಾಯಿ ಉರಿಲಕತ್ತದ!" ಅಂದಳು. ಈ ಮಾತು ಆಮೇಲೆ ಬೇಕಾಗುತ್ತದೆ.

ಈಗ ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಗಡೆ ವಿಜ್ಞಾನ ಹೇಳುವುದನ್ನೆಲ್ಲ ಬರೆಯಿರಿ. ಖಾರದ ವಸ್ತು ಕ್ಯಾಪ್ಸೈಸಿನ್. ಅದು ನರದ ತುದಿಯಲ್ಲಿರುವ ಟಿಆರ್‌ಪಿವಿ1 ಎಂಬ ಪ್ರೋಟೀನಿಗೆ ಅಂಟುತ್ತದೆ. ಅದೊಂದು ಪುಟ್ಟ ಬಾಗಿಲು. ತೆರೆದರೆ ಕ್ಯಾಲ್ಸಿಯಂ, ಸೋಡಿಯಂ ಒಳಗೆ ನುಗ್ಗಿ ನರದಲ್ಲಿ ವಿದ್ಯುತ್ ಸಂಕೇತ ಹೊರಡುತ್ತದೆ. ಅದೇ ಬಾಗಿಲು ಸುಮಾರು 43 ಡಿಗ್ರಿ ಶಾಖಕ್ಕೂ ತೆರೆಯುತ್ತದೆ. 1997ರಲ್ಲಿ ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ತಂಡ ಇದನ್ನು ಕಂಡುಹಿಡಿಯಿತು. 2021ರಲ್ಲಿ ಅವರಿಗೆ ನೊಬೆಲ್ ಬಂತು. ಬಿಸಿಲಲ್ಲಿ ನಿಲ್ಲಿಸಿದ ಬೈಕಿನ ಸೀಟಿಗೂ ಮೆಣಸಿನಕಾಯಿಗೂ ನಮ್ಮಲ್ಲಿ ಮೊದಲಿಂದಲೂ ಒಂದೇ ಪದ, ಉರಿ. ನಮಗೆ ಯಾರೂ ನೊಬೆಲ್ ಕೊಡಲಿಲ್ಲ, ಅಷ್ಟೇ.

ಎಡಗಡೆಗೆ ಇನ್ನೊಂದು ಸಾಲು ಸೇರಿಸಬೇಕು. ಹೋದ ವರ್ಷ ನಾನು ಹಲ್ಲು ಕೀಳಿಸಿಕೊಂಡೆ. ಇಂಜೆಕ್ಷನ್ ಹಿಡಿಯುವ ಮೊದಲೇ ಇಕ್ಕಳ ಹಾಕಿಬಿಟ್ಟರು. ಕುರ್ಚಿಯಿಂದ ಎದ್ದೇಬಿಟ್ಟೆ. ಇನ್ನೊಂದು ಇಂಜೆಕ್ಷನ್ ಕೊಟ್ಟು ಹತ್ತು ನಿಮಿಷ ಬಿಟ್ಟ ಮೇಲೆ, ಹಲ್ಲು ಬಂದದ್ದು ಗೊತ್ತಾದದ್ದೇ "ಕಟ್" ಅಂದ ಸದ್ದಿನಿಂದ. ಆ ಇಂಜೆಕ್ಷನ್ನಿನ ಮದ್ದು ಲಿಗ್ನೊಕೇನ್ ಮಾಡುವ ಕೆಲಸ ನರದ ಸೋಡಿಯಂ ಬಾಗಿಲುಗಳನ್ನು ಮುಚ್ಚುವುದು. ಅವು ಮುಚ್ಚಿದವು, ನೋವು ಹೋಯಿತು. ಭೌತವಾದಿಗಳ ಪರವಾಗಿ ಇದಕ್ಕಿಂತ ಗಟ್ಟಿ ಸಾಕ್ಷಿ ನಾನು ಕಂಡಿಲ್ಲ.

ಈಗ ಬಲಗಡೆ ತಂಗಿಯ ಮಾತು ಬರೆಯಿರಿ: ಉರಿಲಕತ್ತದ. ಎಡಗಡೆಯ ಯಾವ ಸಾಲಲ್ಲಿ ಆ ಉರಿ ಇದೆ, ಬೆರಳಿಟ್ಟು ಹುಡುಕಿ. ಬಾಗಿಲು ತೆರೆದದ್ದು ಇದೆ. ಸಂಕೇತ ಮಿದುಳಿಗೆ ಹೋದದ್ದು ಇದೆ. ಕೈ ಮಜ್ಜಿಗೆ ಕಡೆ ಹೋದದ್ದನ್ನೂ ಬರೆಯಬಹುದು. ಆದರೆ ಇದೆಲ್ಲ ನಡೆಯುವಾಗ ಒಳಗೆ ಹಾಗೆ ಅನ್ನಿಸುವುದು ಯಾಕೆ? ಏನೂ ಅನ್ನಿಸದೆಯೂ ನಡೆಯಬಹುದಿತ್ತಲ್ಲ? 1995ರಲ್ಲಿ ತತ್ವಶಾಸ್ತ್ರಜ್ಞ ಡೇವಿಡ್ ಚಾಮರ್ಸ್ ಇದನ್ನೇ "ಕಠಿಣ ಸಮಸ್ಯೆ" ಎಂದು ಕರೆದದ್ದು.

ಮುಂದಿನದು ಎಲೆ-ಅಡಿಕೆ. ಇದರಲ್ಲಿ ಅವಸರ ಬೇಡ. ಎಲೆ ಹಸಿರು, ಸುಣ್ಣ ಬಿಳಿ, ಅಗಿದರೆ ಬಾಯೆಲ್ಲ ಕೆಂಪು. ಯಾವುದರಲ್ಲೂ ಇಲ್ಲದ ಕೆಂಪು ಸೇರಿಕೆಯಿಂದ ಹುಟ್ಟಿತು. ಹಾಗೆಯೇ ಮಣ್ಣು, ನೀರು, ಬೆಂಕಿ, ಗಾಳಿ ಸೇರಿ ಅರಿವು ಹುಟ್ಟುತ್ತದೆ. ಇದು ನಮ್ಮ ಹಳೆಯ ಭೌತವಾದಿಗಳಾದ ಚಾರ್ವಾಕರ ವಾದ. ಈ ಜಗಳ ನಮ್ಮ ಊರಿಗೂ ಹೊಸದಲ್ಲ. ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಆಳಿದ ಅಮೋಘವರ್ಷನ ಗುರು ಜಿನಸೇನರು. ಅವರ ಆದಿಪುರಾಣದಲ್ಲಿ ಮಹಾಬಲ ರಾಜನ ಮಂತ್ರಿ ಮಹಾಮತಿ ಭೌತವಾದಿಯೇ. ರಾಜಸಭೆಯಲ್ಲಿ ಎದ್ದು ವಾದ ಮಾಡುತ್ತಾನೆ.

ನಿಮ್ಮ ಮನೆಯವರಿಗೆ ನಾಲಿಗೆ ಚಾಚಲು ಹೇಳಿ. ಕೆಂಪು ನಿಮಗೆ ಕಾಣುತ್ತದೆ. ಸುಣ್ಣದ ಕ್ಷಾರದಲ್ಲಿ ಅಡಿಕೆಯ ಪಾಲಿಫಿನಾಲ್ ಬಣ್ಣ ತಿರುಗಿದ್ದು ಎಂದು ವಿವರಿಸಿದರೆ ಮುಗಿಯಿತು, ಏನೂ ಉಳಿಯುವುದಿಲ್ಲ. ಆದರೆ ಅವರ ಉರಿ ಎಷ್ಟು ಬಗ್ಗಿ ನೋಡಿದರೂ ಕಾಣುವುದಿಲ್ಲ. ಹೊರಗಿನಿಂದ ಕಾಣುವ ಒಂದು ಬಣ್ಣವನ್ನು ತೋರಿಸಿ, ಒಳಗಿದ್ದವರಿಗೆ ಮಾತ್ರ ಗೊತ್ತಾಗುವುದನ್ನೂ ವಿವರಿಸಿದೆವು ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಹೋಲಿಕೆ ಸೊಗಸು, ಆದರೆ ಜಾರುವುದು ಅಲ್ಲೇ.

ಹಾಗಂತ ಭೌತವಾದಿ ಸುಮ್ಮನಿರುವುದಿಲ್ಲ. ಸೈಕಲ್ ಬಗ್ಗೆ ಎಲ್ಲ ಓದಿದವನಿಗೂ ತುಳಿಯಲು ಬರಲಿಕ್ಕಿಲ್ಲ. ಅದರಿಂದ ಸೈಕಲ್ಲಿನಲ್ಲಿ ಹೊಸ ವಸ್ತು ಏನೋ ಇದೆ ಅಂತ ಅಲ್ಲ, ಅನ್ನುತ್ತಾನೆ. ಈ ಮಾತಿನಲ್ಲಿ ತೂಕವಿದೆ. ನಮ್ಮ ಹಾಳೆಯಲ್ಲಿ ಉಳಿದದ್ದು ನಮ್ಮ ತಿಳುವಳಿಕೆಯ ಖಾಲಿ ಜಾಗ ಇರಬಹುದು. ಅಲ್ಲಿ ಆತ್ಮ ಎಂದು ಬರೆದು ಹಾಳೆ ಮಡಚುವವರಿಗೂ ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ಮತ್ತೆ ಲಿಗ್ನೊಕೇನ್ ಕೆಲಸ ಮಾಡಿದ್ದು ಹೇಗೆ?

ಮಿದುಳು ವಿಜ್ಞಾನಿ ಕ್ರಿಸ್ಟೋಫ್ ಕಾಕ್ 1998ರಲ್ಲಿ ಚಾಮರ್ಸ್ ಜೊತೆ ಪಂದ್ಯ ಕಟ್ಟಿದ್ದರು, 25 ವರ್ಷದೊಳಗೆ ಅರಿವಿನ ಗುರುತು ಮಿದುಳಿನಲ್ಲಿ ಸಿಗುತ್ತದೆ ಎಂದು. 2023ರಲ್ಲಿ ಸೋಲೊಪ್ಪಿ ವೈನ್ ಕೊಟ್ಟರು.

ಬಾಯಿ ಇನ್ನೂ ಉರಿಯುತ್ತಿದ್ದರೆ ನೀರು ಬೇಡ, ಕ್ಯಾಪ್ಸೈಸಿನ್ ಅದರಲ್ಲಿ ಕರಗುವುದಿಲ್ಲ. ಮಜ್ಜಿಗೆ ಕುಡಿಯಿರಿ. ಹಾಲಿನ ಪ್ರೋಟೀನು ಅದನ್ನು ಹಿಡಿದುಕೊಂಡು ಹೋಗುತ್ತದೆ. ಇದನ್ನೂ ಎಡಗಡೆಯೇ ಬರೆಯಿರಿ.