ಸಿಂಗಾಪುರದ ಜ್ಯುವೆಲ್‌ಗೆ ಎಷ್ಟು ಹೊತ್ತು? ಗೇಟ್‌ನಿಂದ ಹಿಂದಕ್ಕೆ ಎಣಿಸಿ

ಸಿಂಗಾಪುರಕ್ಕೆ ಹೊರಟ ಮಡಿಕೇರಿ, ವಿರಾಜಪೇಟೆ ಕಡೆಯ ಕುಟುಂಬಗಳು ಸೆಂಟೋಸಾಗೆ ಒಂದು ದಿನ, ಪ್ರಾಣಿ ಸಂಗ್ರಹಾಲಯಕ್ಕೆ ಅರ್ಧ ದಿನ ಎಂದು ಎಲ್ಲವನ್ನೂ ಬರೆದಿಟ್ಟುಕೊಂಡಿರುತ್ತವೆ. ಚಾಂಗಿ ವಿಮಾನ ನಿಲ್ದಾಣದ ಮಗ್ಗುಲಲ್ಲೇ ಇರುವ ಜ್ಯುವೆಲ್ ಎಂಬ ಮಳಿಗೆ ಸಂಕೀರ್ಣಕ್ಕೆ ಮಾತ್ರ ‘ವಾಪಸ್ ಬರುವಾಗ ನೋಡಿದರಾಯಿತು’ ಎಂದು ಬಿಟ್ಟಿರುತ್ತವೆ. ಎಡವಟ್ಟಾಗುವುದು ಅಲ್ಲಿಯೇ. 2019ರ ಏಪ್ರಿಲ್ 17ರಂದು ತೆರೆದ ಈ ಕಟ್ಟಡದಲ್ಲಿ ನೆಲದ ಮೇಲೆ ಐದು, ಕೆಳಗೆ ಐದು, ಒಟ್ಟು ಹತ್ತು ಅಂತಸ್ತುಗಳಿವೆ. ಸುಮಾರು 280 ಅಂಗಡಿ, ಹೋಟೆಲುಗಳಿವೆ. ನಡುವೆ 40 ಮೀಟರ್ ಎತ್ತರದಿಂದ ಧುಮ್ಮಿಕ್ಕುವ ಒಳಾಂಗಣ ಜಲಪಾತ. ಒಂದು ಗಂಟೆ ಇಟ್ಟುಕೊಂಡವರಿಗೆ ಜಲಪಾತದ ಫೋಟೊ ಬಿಟ್ಟು ಇನ್ನೇನೂ ದಕ್ಕುವುದಿಲ್ಲ. ಗಡಿಯಾರ ಮರೆತು ಕೂತವರಿಗೆ ವಿಮಾನವೇ ತಪ್ಪಬಹುದು.

ಹೊತ್ತಿನ ಲೆಕ್ಕಕ್ಕೆ ಮೊದಲು ಒಂದು ವಿಷಯ ತಿಳಿದಿರಬೇಕು. ಜ್ಯುವೆಲ್ ಇರುವುದು ಇಮಿಗ್ರೇಷನ್‌ನ ಹೊರಗೆ. ಅಂದರೆ ಸಿಂಗಾಪುರದವರು ಯಾರು ಬೇಕಾದರೂ ಟಿಕೆಟ್ ಇಲ್ಲದೆ ಬಂದು ಹೋಗುವ ಜಾಗ ಅದು. ಇದರಿಂದ ಮೂರು ಪರಿಣಾಮಗಳಿವೆ. ಒಂದು, ಅಲ್ಲಿಂದ ಹೊರಟ ಮೇಲೆಯೇ ಚೆಕ್‌ಇನ್, ಇಮಿಗ್ರೇಷನ್, ಭದ್ರತಾ ತಪಾಸಣೆ ಎಲ್ಲ ಆಗಬೇಕು. ಎರಡು, ಅದು ಡ್ಯೂಟಿ ಫ್ರೀ ಅಲ್ಲ. ಸಿಂಗಾಪುರದ ಬೇರೆ ಅಂಗಡಿಗಳ ಹಾಗೆ ಅಲ್ಲಿಯೂ ಶೇ 9 ಜಿಎಸ್‌ಟಿ ಇದೆ. ಮೂರು, ಸಿಂಗಾಪುರದ ಮೂಲಕ ಆಸ್ಟ್ರೇಲಿಯಾಕ್ಕೋ ಬಾಲಿಗೋ ವಿಮಾನ ಬದಲಿಸಿ ಹೋಗುವ ಭಾರತೀಯರು ಸಿಂಗಾಪುರದೊಳಗೆ ಕಾಲಿಡುವ ಅನುಮತಿ ಇಲ್ಲದೆ ಅಲ್ಲಿಗೆ ಹೋಗಲಾಗದು. ಅಂಥವರಿಗೂ ಒಂದು ದಾರಿ ಇದೆ. ಟರ್ಮಿನಲ್ 2 ಮತ್ತು 3ರ ನಡುವೆ ಓಡುವ ಸ್ಕೈಟ್ರೇನ್ ಜ್ಯುವೆಲ್ ಕಟ್ಟಡದೊಳಗಿಂದಲೇ ಹಾದುಹೋಗುತ್ತದೆ. ಟ್ರಾನ್ಸಿಟ್ ಪ್ರಯಾಣಿಕರ ಬೋಗಿಯಲ್ಲಿ ಕೂತರೆ ಪಾಸ್‌ಪೋರ್ಟ್ ಮುದ್ರೆಯ ಗೊಡವೆಯಿಲ್ಲದೆ, ಕಾಸಿಲ್ಲದೆ, ಕಿಟಕಿಯಿಂದ ಜಲಪಾತ ಕಾಣುತ್ತದೆ. ಎರಡು ಗಂಟೆಯ ಟ್ರಾನ್ಸಿಟ್ ಇದ್ದವರಿಗೆ ಅಷ್ಟು ಸಾಕು. ವೀಸಾ ಇದ್ದರೂ ಟ್ರಾನ್ಸಿಟ್ ಐದು ಗಂಟೆಗಿಂತ ಕಡಿಮೆ ಇದ್ದರೆ ಹೊರಗೆ ಹೋಗುವ ಆಸೆ ಬಿಡುವುದು ಒಳ್ಳೆಯದು.

ಲೆಕ್ಕ ಹಾಕುವ ಬಗೆ

ಸಾಮಾನ್ಯವಾಗಿ ಜನ ಜ್ಯುವೆಲ್ ತಲುಪುವ ಹೊತ್ತಿನಿಂದ ಮುಂದಕ್ಕೆ ಎಣಿಸುತ್ತಾರೆ. ‘ಐದಕ್ಕೆ ಹೋಗಿ ಎಂಟಕ್ಕೆ ಹೊರಡೋಣ’ ಎನ್ನುತ್ತಾರೆ. ಹಾಗೆ ಮಾಡಬೇಡಿ. ವಿಮಾನ ಹೊರಡುವ ಸಮಯವನ್ನು ಕಾಗದದ ಅಡಿಯಲ್ಲಿ ಬರೆದು ಒಂದೊಂದೇ ಮೆಟ್ಟಿಲು ಹಿಂದಕ್ಕೆ ಬನ್ನಿ.

ವಿಮಾನ ರಾತ್ರಿ 10:30ಕ್ಕೆ ಎಂದಿಟ್ಟುಕೊಳ್ಳೋಣ. ಚಾಂಗಿಯ ಟರ್ಮಿನಲ್ 1, 2, 3ರಲ್ಲಿ ಬೆಂಗಳೂರಿನ ಹಾಗೆ ಒಂದೇ ಕಡೆ ಭದ್ರತಾ ತಪಾಸಣೆ ಇರುವುದಿಲ್ಲ. ಅದು ನಡೆಯುವುದು ವಿಮಾನದ ಗೇಟ್‌ನ ಬಾಗಿಲಲ್ಲಿ. ವಿಮಾನಕ್ಕೆ ಹತ್ತುವ ಅಷ್ಟೂ ಜನ ಒಂದೇ ಹೊತ್ತಿಗೆ ಅಲ್ಲಿ ಸಾಲು ನಿಲ್ಲುತ್ತಾರೆ. ಹಾಗಾಗಿ ಗೇಟ್‌ನಲ್ಲಿ 50 ನಿಮಿಷ ಮುಂಚೆ, ಅಂದರೆ 9:40ಕ್ಕೆ ಇರಬೇಕು. ಇಮಿಗ್ರೇಷನ್ ದಾಟಿ ದೂರದ ಗೇಟ್‌ವರೆಗೆ ನಡೆಯಲು 40 ನಿಮಿಷ ಬಿಟ್ಟರೆ 9:00. ದೊಡ್ಡವರಿಗೆ ಇಮಿಗ್ರೇಷನ್‌ನಲ್ಲಿ ಸ್ವಯಂಚಾಲಿತ ಗೇಟ್‌ಗಳಿರುವುದರಿಂದ ಬೇಗ ಆಗುತ್ತದೆ. ಪುಟ್ಟ ಮಕ್ಕಳಿದ್ದರೆ ಸಿಬ್ಬಂದಿ ಕೂರುವ ಕೌಂಟರ್‌ಗೇ ಹೋಗಬೇಕಾಗುತ್ತದೆ. ಲಗೇಜ್ ಒಪ್ಪಿಸಲು ಅರ್ಧ ಗಂಟೆ ಕಳೆದರೆ 8:30. ಜ್ಯುವೆಲ್‌ನಿಂದ ಟರ್ಮಿನಲ್‌ಗೆ ನಡೆಯಲು 15 ನಿಮಿಷ. ಅಲ್ಲಿಗೆ ಜ್ಯುವೆಲ್ ಬಿಡುವ ಸಮಯ 8:15.

ಜೊತೆಯಲ್ಲಿ ಮಂಡಿ ನೋವಿನ ಅಜ್ಜಿಯೋ, ಗಾಡಿಯಲ್ಲಿ ಕೂರುವ ಮಗುವೋ ಇದ್ದರೆ ಇನ್ನೊಂದು 20 ನಿಮಿಷ ಕಳೆಯಿರಿ. ಆಗ 7:55ಕ್ಕೇ ಹೊರಡಬೇಕು. ತೊಂದರೆ ಏನೆಂದರೆ ಜಲಪಾತದ ಬೆಳಕು–ಸಂಗೀತದ ಪ್ರದರ್ಶನ ಶುರುವಾಗುವುದೇ ರಾತ್ರಿ 8ಕ್ಕೆ. ಅದನ್ನು ನೋಡಲೇಬೇಕು ಎನ್ನುವವರಿಗೆ ಜ್ಯುವೆಲ್‌ನ ಮೊದಲ ಅಂತಸ್ತಿನಲ್ಲಿರುವ ಮುಂಗಡ ಚೆಕ್‌ಇನ್ ಕೌಂಟರ್ ಇದೆ. ನಿಮ್ಮ ಏರ್‌ಲೈನ್ ಅಲ್ಲಿ ಸೇವೆ ಕೊಡುತ್ತದೆಯೇ, ಎಷ್ಟು ಹೊತ್ತಿನವರೆಗೆ ಎಂಬುದನ್ನು ಟಿಕೆಟ್ ಕೊಳ್ಳುವಾಗಲೇ ನೋಡಿಕೊಳ್ಳಿ. ಸಂಜೆಯೇ ಅಲ್ಲಿ ಲಗೇಜ್ ಕೊಟ್ಟು ಬೋರ್ಡಿಂಗ್ ಪಾಸ್ ಪಡೆದರೆ ಟರ್ಮಿನಲ್ ಕೌಂಟರ್‌ನ ಅರ್ಧ ಗಂಟೆ ಉಳಿಯುತ್ತದೆ. ಅಜ್ಜಿಯೊಂದಿಗೂ 8:25ರವರೆಗೆ ನಿಲ್ಲಬಹುದು. ಹತ್ತಾರು ಕಿಲೊ ಸೂಟ್‌ಕೇಸ್ ಎಳೆದುಕೊಂಡು ಅಂಗಡಿ ಸುತ್ತುವ ಕಷ್ಟವೂ ತಪ್ಪುತ್ತದೆ. ಮುಂಗಡ ಚೆಕ್‌ಇನ್ ಇಲ್ಲದ ವಿಮಾನವಾದರೆ ಅದೇ ಅಂತಸ್ತಿನಲ್ಲಿ ಹಣ ಕೊಟ್ಟು ಲಗೇಜ್ ಇಡುವ ಜಾಗವಿದೆ. ಆದರೆ ಅದನ್ನು ವಾಪಸ್ ಪಡೆಯುವ ಸಾಲಿಗೂ ಹತ್ತು ನಿಮಿಷ ಸೇರಿಸಿಕೊಳ್ಳಿ.

ಟರ್ಮಿನಲ್ 1ಕ್ಕೆ ಜ್ಯುವೆಲ್ ನೇರವಾಗಿ ಅಂಟಿಕೊಂಡಿದೆ. 2 ಮತ್ತು 3ಕ್ಕೆ ಎರಡನೇ ಅಂತಸ್ತಿನಿಂದ ಸೇತುವೆಗಳಿವೆ. ಟರ್ಮಿನಲ್ 4 ದೂರ, ಬಸ್ ಹತ್ತಬೇಕು. ಅಲ್ಲಿಂದ ಹೊರಡುವವರು ಹದಿನೈದು ನಿಮಿಷದ ಜಾಗದಲ್ಲಿ ಮುಕ್ಕಾಲು ಗಂಟೆ ಹಾಕಿಕೊಳ್ಳಲಿ.

ಗಡಿಯಾರದ ಬಗ್ಗೆ ಒಂದು ಮಾತು. ಸಿಂಗಾಪುರ ನಮಗಿಂತ ಎರಡೂವರೆ ಗಂಟೆ ಮುಂದಿದೆ. ಫೋನ್ ತಾನಾಗಿ ಸಮಯ ಬದಲಿಸಿಕೊಂಡರೂ ಹಿರಿಯರ ಕೈಗಡಿಯಾರ ಊರಿನ ಸಮಯವನ್ನೇ ತೋರಿಸುತ್ತಿರುತ್ತದೆ. ಗುಂಪು ಎರಡಾಗಿ ಚದುರಿ ‘ಏಳಕ್ಕೆ ಇಲ್ಲೇ ಸೇರೋಣ’ ಎಂದು ಮಾತಾಡಿಕೊಳ್ಳುವಾಗ ಇದು ದೊಡ್ಡ ಗೊಂದಲ ತರುತ್ತದೆ. ಇಳಿದ ದಿನವೇ ಎಲ್ಲರ ಗಡಿಯಾರ ತಿದ್ದಿಬಿಡಿ.

ಒಳಗೆ ಸಿಕ್ಕ ಹೊತ್ತು

ಐದು ಗಂಟೆಗೆ ತಲುಪಿದವರಿಗೆ 8:15ರವರೆಗೆ ಮೂರೂಕಾಲು ಗಂಟೆ. ಕೇಳಲು ಧಾರಾಳ ಅನಿಸುತ್ತದೆ. ಊಟಕ್ಕೆ 45 ನಿಮಿಷ ಹೋಗುತ್ತದೆ, ಊಟದ ವೇಳೆಯಲ್ಲಿ ಜಾಗ ಸಿಗಲು ಇನ್ನೊಂದು 15. ಜಲಪಾತದ ಸುತ್ತ ಇಳಿಜಾರಾಗಿ ಏರುವ ಗಿಡಮರಗಳ ಕಣಿವೆಯಲ್ಲಿ ನಡೆಯಲು ಅರ್ಧ ಗಂಟೆ. ಕಾಫಿ ತೋಟದ ನೆರಳಲ್ಲಿ ಬೆಳೆದವರಿಗೆ ಗಾಜಿನ ಸೂರಿನಡಿಯ ಕಾಡು ಏನು ಮಹಾ ಎನಿಸಬಹುದು, ಆದರೆ ಅಷ್ಟು ದೊಡ್ಡ ಮರಗಳನ್ನು ಕಟ್ಟಡದೊಳಗೆ ನಿಲ್ಲಿಸಿ ಬದುಕಿಸಿರುವುದನ್ನು ಬೇಸಾಯ ಬಲ್ಲವರು ಹತ್ತಿರದಿಂದ ನೋಡಲೇಬೇಕು. ಉಳಿಯುವುದು ಒಂದೂಮುಕ್ಕಾಲು ಗಂಟೆ. ಐದನೇ ಅಂತಸ್ತಿನ ಕ್ಯಾನಪಿ ಪಾರ್ಕ್ ಎಂಬ ಆಟದ ಉದ್ಯಾನಕ್ಕೆ ಟಿಕೆಟ್ ಇದೆ. ಮಕ್ಕಳಿದ್ದರೆ ಅಲ್ಲೇ ಒಂದೂವರೆ ಗಂಟೆ ಕರಗುತ್ತದೆ. ಹಾಗಾಗಿ ಮೂರೂಕಾಲು ಗಂಟೆಯಲ್ಲಿ ಪಾರ್ಕ್ ಅಥವಾ ಖರೀದಿ, ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕು. ಎರಡೂ ಬೇಕೆಂದರೆ ಮಧ್ಯಾಹ್ನ ಮೂರಕ್ಕೇ ಬನ್ನಿ.

ಅಂಗಡಿಗಳು ಬಹುತೇಕ ಬೆಳಿಗ್ಗೆ 10ರಿಂದ ರಾತ್ರಿ 10ರವರೆಗೆ. ನಸುಕಿನ ವಿಮಾನ ಹಿಡಿಯುವವರು ರಾತ್ರಿಯೆಲ್ಲ ಜ್ಯುವೆಲ್‌ನಲ್ಲಿ ಕಳೆಯುತ್ತೇವೆ ಎಂದು ಹೊರಟರೆ ಮುಚ್ಚಿದ ಷಟರ್‌ಗಳನ್ನು ನೋಡುತ್ತ ಕೂರಬೇಕಾಗುತ್ತದೆ. ಅವರು ಹಿಂದಿನ ದಿನ ಹಗಲಲ್ಲೇ ನೋಡಿ ಮುಗಿಸಬೇಕು.

ತೆರಿಗೆ ವಾಪಸ್ ಪಡೆಯಲು ಬೇಕಾದ ಹೊತ್ತು

ಅತಿ ಹೆಚ್ಚು ಜನ ಲೆಕ್ಕಕ್ಕೇ ತೆಗೆದುಕೊಳ್ಳದ ಅರ್ಧ ಗಂಟೆ ಇದು. ಪ್ರವಾಸಿಗರಿಗೆ ತೆರಿಗೆ ವಾಪಸ್ ಕೊಡುವ ಯೋಜನೆಗೆ ಸೇರಿದ ಅಂಗಡಿಯಲ್ಲಿ 100 ಸಿಂಗಾಪುರ ಡಾಲರ್ ಅಥವಾ ಹೆಚ್ಚಿನ ಖರೀದಿ ಮಾಡಿದ ಪ್ರವಾಸಿಗರು ಜಿಎಸ್‌ಟಿ ವಾಪಸ್ ಕೇಳಬಹುದು. ಬಿಲ್ ಮಾಡಿಸುವಾಗಲೇ ಪಾಸ್‌ಪೋರ್ಟ್ ತೋರಿಸಬೇಕು. ಹೋಟೆಲಿನಲ್ಲಿ ತಿಂದದ್ದಕ್ಕೆ ಇದು ಅನ್ವಯವಾಗದು.

ಕೊಂಡ ವಸ್ತು ದೊಡ್ಡ ಲಗೇಜ್‌ನೊಳಗೆ ಹೋಗುವುದಾದರೆ ಲಗೇಜ್ ಒಪ್ಪಿಸುವ ಮೊದಲೇ ಟರ್ಮಿನಲ್‌ನ ಚೆಕ್‌ಇನ್ ಹಾಲ್‌ನಲ್ಲಿರುವ ಯಂತ್ರದಲ್ಲಿ ಅರ್ಜಿ ಮುಗಿಸಬೇಕು. ಕಸ್ಟಮ್ಸ್‌ನವರು ವಸ್ತುವನ್ನು ತೋರಿಸಿ ಎಂದರೆ ತೋರಿಸಬೇಕಾಗುತ್ತದೆ. ಬ್ಯಾಗ್ ಬೆಲ್ಟ್ ಮೇಲೆ ಹೋದ ಮೇಲೆ ಏನು ತೋರಿಸುತ್ತೀರಿ? ಜ್ಯುವೆಲ್‌ನಲ್ಲಿ ಮುಂಗಡ ಚೆಕ್‌ಇನ್ ಮಾಡಿ ಸಮಯ ಉಳಿಸಿದವರಿಗೆ ಹಣ ಕೈತಪ್ಪುವುದು ಹೀಗೆ. ಸುಲಭದ ದಾರಿಯೆಂದರೆ, ದ್ರವಗಳನ್ನು ಬಿಟ್ಟು, ತೆರಿಗೆ ವಾಪಸ್ ಬೇಕಾದ ಉಳಿದ ವಸ್ತುಗಳನ್ನೆಲ್ಲ ಕೈಚೀಲದಲ್ಲಿ ಇಟ್ಟುಕೊಂಡು, ಇಮಿಗ್ರೇಷನ್ ದಾಟಿದ ಮೇಲೆ ಒಳಗಿನ ಯಂತ್ರದಲ್ಲಿ ಕೇಳುವುದು.

ಕಾರ್ಡ್ ಉಜ್ಜುವಾಗ ಯಂತ್ರ ‘ರೂಪಾಯಿಯಲ್ಲೋ, ಸಿಂಗಾಪುರ ಡಾಲರ್‌ನಲ್ಲೋ’ ಎಂದು ಕೇಳಿದರೆ ಡಾಲರ್ ಒತ್ತಿ. ರೂಪಾಯಿ ಒತ್ತಿದರೆ ಅಂಗಡಿಯ ಕಡೆಯ ವಿನಿಮಯ ದರ ಬೀಳುತ್ತದೆ, ಅದು ದುಬಾರಿ.

ಏನನ್ನು ಎಲ್ಲಿ ಕೊಳ್ಳಬೇಕು

ಸಿಂಗಾಪುರದಿಂದ ಎಲ್ಲರೂ ತರುವ ಒಂದು ವಸ್ತು ಕಾಯಾ, ತೆಂಗಿನ ಹಾಲು ಮತ್ತು ಮೊಟ್ಟೆಯ ಜಾಮ್. ಮುನ್ನೂರು ಗ್ರಾಂ ಆಸುಪಾಸಿನ ಗಾಜಿನ ಶೀಷೆ. ತಪಾಸಣೆಯವರ ಲೆಕ್ಕದಲ್ಲಿ ಜಾಮ್ ಕೂಡ ದ್ರವವೇ. ಕೈಚೀಲದಲ್ಲಿ ದ್ರವದ ಶೀಷೆ 100 ಮಿಲಿಲೀಟರ್ ಮೀರುವಂತಿಲ್ಲ. ಜ್ಯುವೆಲ್‌ನಲ್ಲಿ ನಾಲ್ಕು ಶೀಷೆ ಕೊಂಡು ಕೈಚೀಲಕ್ಕೆ ಹಾಕಿದಿರೋ, ಗೇಟ್‌ನ ತಪಾಸಣೆಯಲ್ಲಿ ನಾಲ್ಕೂ ಬುಟ್ಟಿ ಸೇರುತ್ತವೆ, ಆ ಹೊತ್ತಿಗೆ ಲಗೇಜ್ ವಿಮಾನದ ಹೊಟ್ಟೆಯಲ್ಲಿರುತ್ತದೆ. ಹಾಗಾಗಿ ಕಾಯಾ, ಸಾಸ್, ಶಾಂಪೂ, ಸುಗಂಧದ ಬಾಟಲಿಗಳನ್ನು ಮೊದಲು ಕೊಂಡು, ಬಟ್ಟೆಯ ನಡುವೆ ಸುತ್ತಿ ದೊಡ್ಡ ಪೆಟ್ಟಿಗೆಗೆ ಸೇರಿಸಿ, ಆಮೇಲೆ ಚೆಕ್‌ಇನ್ ಮಾಡಿ. ಇಮಿಗ್ರೇಷನ್ ದಾಟಿದ ಮೇಲೆ ಡ್ಯೂಟಿ ಫ್ರೀಯಲ್ಲಿ ಕೊಂಡ ಬಾಟಲಿಯನ್ನು ಪಾರದರ್ಶಕ ಚೀಲದಲ್ಲಿ ಹಾಕಿ, ಬಿಲ್ ಹೊರಗೆ ಕಾಣುವಂತೆ ಒಳಗಿಟ್ಟು, ಅಂಚನ್ನು ಅಂಟಿಸಿ ಕೊಡುತ್ತಾರೆ. ಆ ಅಂಟು ಬಿಚ್ಚದ ತನಕ ಅದಕ್ಕೆ ಬೆಲೆ. ‘ಬಾಟಲಿ ನೋಡೋಣ’ ಎಂದು ಯಾರಾದರೂ ಬಿಚ್ಚಿದರೆ ಮುಂದಿನ ತಪಾಸಣೆಯಲ್ಲಿ ಅದು ಬರೀ ದ್ರವ.

ಹಂದಿ ಮಾಂಸದ ಒಣ ಹಾಳೆಗಳು, ಬಾಕ್ವಾ ಎನ್ನುತ್ತಾರೆ, ಕೊಡಗಿನವರ ಬಾಯಿಗೆ ಹಿಡಿಸುವ ರುಚಿ. ಅಲ್ಲೇ ತಿಂದು ಬನ್ನಿ. ಮಾಂಸದ ಪದಾರ್ಥಗಳನ್ನು ಭಾರತಕ್ಕೆ ತರಲು ಪರವಾನಗಿ ಬೇಕು, ಬೆಂಗಳೂರಿನ ಕಸ್ಟಮ್ಸ್‌ನಲ್ಲಿ ಸಿಕ್ಕಿಬೀಳುತ್ತೀರಿ.

ಹೋಗುವ ದಿನ

ಮಡಿಕೇರಿಯಿಂದ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಕುಶಾಲನಗರ, ಹುಣಸೂರು, ಮೈಸೂರು ದಾಟಿ ಆರರಿಂದ ಏಳು ಗಂಟೆಯ ಹಾದಿ. ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಿ ಉಳಿಸಿದ ಹೊತ್ತನ್ನು ಹೆಬ್ಬಾಳ ನುಂಗಿಬಿಡಬಹುದು. ಅದಕ್ಕೇ ಎರಡು ಗಂಟೆ ಹೆಚ್ಚಿಗೆ ಇಟ್ಟುಕೊಂಡು ಹೊರಡಿ. ಟ್ರಾಫಿಕ್ ಸಿಗದಿದ್ದರೆ ಆ ಎರಡು ಗಂಟೆಯೇ ನಿಮ್ಮ ಶಾಪಿಂಗ್ ಸಮಯ. ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಟರ್ಮಿನಲ್ 2ರಿಂದ ಹೊರಡುತ್ತವೆ. ಇಲ್ಲಿ ಅಂಗಡಿ ಸಾಲು ಸಿಗುವುದು ಇಮಿಗ್ರೇಷನ್, ತಪಾಸಣೆ ಎರಡೂ ಮುಗಿದ ಮೇಲೆ. ಹಾಗಾಗಿ ನೆಮ್ಮದಿಯಿಂದ ಸುತ್ತಬಹುದು, ಗೇಟ್‌ಗೆ ನಡೆಯುವ ಹೊತ್ತನ್ನಷ್ಟೇ ಕಳೆದರೆ ಸಾಕು. ಚೆಕ್‌ಇನ್ ಕೌಂಟರ್ ಸಾಮಾನ್ಯವಾಗಿ ವಿಮಾನಕ್ಕೆ 60ರಿಂದ 75 ನಿಮಿಷ ಮುಂಚೆಯೇ ಮುಚ್ಚುತ್ತದೆ ಎಂಬುದು ನೆನಪಿರಲಿ.

ಸಿಂಗಾಪುರದಲ್ಲಿರುವ ನೆಂಟರಿಗೆ ಜೇನು, ಕೊಡಗಿನ ಹುಳಿ ರಸವಾದ ಕಾಚಂಪುಳಿ ಒಯ್ಯುವವರು ಅವನ್ನು ದೊಡ್ಡ ಲಗೇಜ್‌ಗೆ ಹಾಕಲಿ, ಎರಡೂ ದ್ರವವೇ. ಕಾಫಿ ಪುಡಿ, ಕಾಳುಮೆಣಸಿಗೆ ಆ ತೊಂದರೆ ಇಲ್ಲ. ಹಂದಿ ಮಾಂಸದ ಪಂದಿಕರಿ ಡಬ್ಬಿ ಬೇಡ, ಸಿಂಗಾಪುರ ಬಿಡುವುದಿಲ್ಲ. ಮದುವೆಗೆಂದು ಕೊಡವರ ಕಿರುಗತ್ತಿಯಾದ ಪೀಚೆಕತ್ತಿ ಒಯ್ಯುವುದಿದ್ದರೆ ಕೈಚೀಲದಲ್ಲಿ ಖಂಡಿತ ಬೇಡ, ಲಗೇಜ್‌ನಲ್ಲಿ ಇಡುವ ಮುಂಚೆಯೂ ಏರ್‌ಲೈನ್‌ನವರನ್ನು ಕೇಳಿ.

ಮದ್ಯದ ಬಾಟಲಿಗಾಗಿ ಚಾಂಗಿಯಲ್ಲಿ ಹೊತ್ತು ಕಳೆಯುವುದು ಅನಗತ್ಯ. ಬೆಂಗಳೂರಿನಲ್ಲಿ ಇಳಿದ ಮೇಲೆ, ಕಸ್ಟಮ್ಸ್‌ಗೆ ಮುಂಚೆ, ಲಗೇಜ್ ಬೆಲ್ಟ್ ಇರುವ ಕಡೆಯೇ ಡ್ಯೂಟಿ ಫ್ರೀ ಅಂಗಡಿ ಇದೆ. ಒಬ್ಬ ವಯಸ್ಕರಿಗೆ ಎರಡು ಲೀಟರ್‌ವರೆಗೆ ಸುಂಕವಿಲ್ಲ. ಪೆಟ್ಟಿಗೆ ಬರುವ ತನಕದ 20–30 ನಿಮಿಷ ಹೇಗೂ ಕಾಯಲೇಬೇಕು, ಒಬ್ಬರು ಬೆಲ್ಟ್ ಬಳಿ ನಿಂತರೆ ಇನ್ನೊಬ್ಬರು ಅಷ್ಟರಲ್ಲಿ ಬಿಲ್ ಮಾಡಿಸಬಹುದು. ಮುಂಬೈಯಲ್ಲೋ ಚೆನ್ನೈಯಲ್ಲೋ ಇಳಿದು ದೇಶೀಯ ವಿಮಾನದಲ್ಲಿ ಮಂಗಳೂರು, ಕಣ್ಣೂರಿಗೆ ಬರುವವರು ಮಾತ್ರ, ಅಲ್ಲಿ ಕೊಂಡ ಬಾಟಲಿಯನ್ನು ಲಗೇಜ್ ಮತ್ತೆ ಒಪ್ಪಿಸುವ ಮೊದಲು ಪೆಟ್ಟಿಗೆಯೊಳಗೆ ಸೇರಿಸಬೇಕು. ಅದಕ್ಕೆ ಪೆಟ್ಟಿಗೆಯಲ್ಲಿ ಜಾಗ ಬಿಟ್ಟು, ಒಂದು ದಪ್ಪ ಟವೆಲ್ ಮೇಲೆಯೇ ಇಟ್ಟುಕೊಂಡಿರಿ.